ಪಾಕ ಬಂದ ಸದ್ದು

ಮಂಡ್ಯ ಕಡೆಯ ಒಂದು ಆಲೆಮನೆಯ ಬಗ್ಗೆ ಎಂಟು ನಿಮಿಷದ ವಿಡಿಯೋ ಮಾಡಿದ್ದೆವು. ಕ್ಯಾಮೆರಾ ಗೆಳೆಯನದು, ಸೌಂಡ್ ಮತ್ತು ಎಡಿಟಿಂಗ್ ನನ್ನದು. ಮುಗಿದ ಮೇಲೆ ಲ್ಯಾಪ್‌ಟಾಪ್ ಹಿಡಿದು ಅದೇ ಆಲೆಮನೆಗೆ ತೋರಿಸಲು ಹೋದೆ. ಬೆಲ್ಲ ಕಾಯಿಸುವ ಯಜಮಾನರು ಮಾತಾಡದೆ ನೋಡುತ್ತಿದ್ದರು. ಪಾಕ ಸುರಿಯುವ ಜಾಗ ಬಂದಾಗ ಕೇಳಿದರು: "ಅಲ್ಲ ಕಣಪ್ಪ, ಪಾಕನೇ ಬಂದಿಲ್ಲ, ಆಗ್ಲೇ ಯಾಕ್ ಹುಯ್ದ್‌ಬುಟ್ರು?"

ಚಿತ್ರದಲ್ಲಿ ತಪ್ಪಿರಲಿಲ್ಲ. ಸುರಿದದ್ದು ಹದಕ್ಕೆ ಬಂದ ಪಾಕವೇ. ಅವರು ಹಿಡಿದ ತಪ್ಪು ಸದ್ದಿನದು. ಬೆಳಿಗ್ಗೆ ಕಬ್ಬಿನ ಹಾಲು ಕುದಿಯಲು ಶುರುವಾದಾಗ ನಲವತ್ತು ಸೆಕೆಂಡು ರೆಕಾರ್ಡ್ ಮಾಡಿಕೊಂಡಿದ್ದೆ. ಕೊಪ್ಪರಿಗೆ ಕಂಡಲ್ಲೆಲ್ಲ ಅದನ್ನೇ ಲೂಪ್ ಮಾಡಿ ಹಾಕಿದ್ದೆ. ಕುದಿಯೋದು ಅಂದ್ರೆ ಎಲ್ಲ ಒಂದೇ ಅಲ್ವಾ ಅಂದುಕೊಂಡಿದ್ದೆ.

ಒಂದೇ ಅಲ್ಲ. ಹಾಲು ತೆಳ್ಳಗಿರುವಾಗ ದೂರದ ಮಳೆಯ ಹಾಗೆ ಒಂದೇ ಸಮನೆ ಸುರ್ ಎನ್ನುತ್ತದೆ. ನೀರಿನಂಶ ಆವಿಯಾಗಿ ಗಟ್ಟಿಯಾದಂತೆ ಗುಳ್ಳೆ ದೊಡ್ಡದಾಗುತ್ತದೆ, ಒಡೆಯುವುದು ನಿಧಾನವಾಗುತ್ತದೆ. ಆಗ ಕೊತಕೊತ. ಕೊನೆಯಲ್ಲಿ, ಶಾಖ 118 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ, ಲೊಟಕ್ ಲೊಟಕ್ ಎಂದು ಬಿಡಿಬಿಡಿಯಾಗಿ ಕೇಳುತ್ತದೆ. ಆ ಆಲೆಮನೆಯಲ್ಲಿ ಥರ್ಮಾಮೀಟರ್ ಇಲ್ಲ. ಯಜಮಾನರು ಬಣ್ಣ ನೋಡುತ್ತಾರೆ, ಚೂರು ಪಾಕವನ್ನು ತಣ್ಣೀರಿಗೆ ಬಿಟ್ಟು ಉಂಡೆ ಕಟ್ಟುತ್ತದಾ ನೋಡುತ್ತಾರೆ. ಆದರೆ ಯಾವಾಗ ಎದ್ದು ಹೋಗಿ ನೋಡಬೇಕು ಅನ್ನೋದನ್ನು ಹೇಳುವುದು ಕಿವಿ. ನಮ್ಮ ಕ್ಯಾಮೆರಾಗೆ ಉದ್ದಕ್ಕೂ ಕಂಡದ್ದು ಬರೀ ನೊರೆ ಮತ್ತು ಹಬೆ. ಹೊತ್ತು ಸರಿದದ್ದನ್ನು ಸದ್ದೇ ಹೇಳಬೇಕಿತ್ತು. ಆ ಕೆಲಸ ನಾನು ಮಾಡಿರಲಿಲ್ಲ.

ಮುಂದಿನ ವಾರ ರೆಕಾರ್ಡರ್ ಮಾತ್ರ ಹಿಡಿದುಕೊಂಡು ಮತ್ತೆ ಹೋದೆ. ಒಂದು ಕೊಪ್ಪರಿಗೆ ಒಲೆ ಏರಿದಾಗಿಂದ ಇಳಿಯುವವರೆಗೆ, ಸುಮಾರು ಎರಡೂವರೆ ಗಂಟೆ, ಹತ್ತು ಹತ್ತು ನಿಮಿಷಕ್ಕೊಮ್ಮೆ ಎರಡು ನಿಮಿಷ ರೆಕಾರ್ಡ್ ಮಾಡಿದೆ. ರೆಕಾರ್ಡಿಂಗಿನ ಗುಣಮಟ್ಟ 48 ಕಿಲೋಹರ್ಟ್ಸ್, 24 ಬಿಟ್. ಅತಿ ಜೋರಿನ ಸದ್ದು ಮೈನಸ್ 12 ಡೆಸಿಬೆಲ್ ದಾಟದ ಹಾಗೆ ಲೆವೆಲ್ ಇಟ್ಟೆ; ಸೊನ್ನೆ ದಾಟಿದರೆ ಸದ್ದು ಒಡೆಯುತ್ತದೆ. ಎದುರಿನ ಸದ್ದನ್ನೇ ಹೆಚ್ಚು ಹಿಡಿಯುವ ಉದ್ದನೆಯ ಶಾಟ್‌ಗನ್ ಮೈಕನ್ನು ಕೋಲಿಗೆ ಕಟ್ಟಿ ಪಕ್ಕದಿಂದ ಚಾಚಿದೆ. ಮೇಲಿನಿಂದ ಹಿಡಿದರೆ ಹಬೆ ಮೈಕಿನೊಳಗೆ ಹೋಗಿ ತೇವ ಕೂರುತ್ತದೆ, ಆಮೇಲೆ ಚಟಪಟ ಶುರು. ಒಲೆಗೆ ಒಣಗಿದ ಕಬ್ಬಿನ ಸಿಪ್ಪೆ ತುಂಬುವುದು, ಅದು ಭುಗ್ ಎಂದು ಹತ್ತಿಕೊಳ್ಳುವುದು, ಸಟ್ಟುಗ ಕೊಪ್ಪರಿಗೆಯ ಅಂಚಿಗೆ ಉಜ್ಜುವುದು, ಇವನ್ನೆಲ್ಲ ಬೇರೆ ಬೇರೆ ಹಿಡಿದೆ. ಗಾಣ ನಿಂತಾಗ ಯಾರೂ ಮಾತಾಡದೆ ಒಂದು ನಿಮಿಷ ಆ ಜಾಗದ ಖಾಲಿ ಸದ್ದನ್ನೂ ತೆಗೆದುಕೊಂಡೆ. ರೂಮ್ ಟೋನ್ ಅಂತೀವಲ್ಲ, ಅದು. ಸಂದರ್ಶನದ ಮಾತನ್ನು ಕತ್ತರಿಸಿ ಜೋಡಿಸುವಾಗ ನಡುವಿನ ಸಂದುಗಳಿಗೆ ಇದನ್ನು ತುಂಬದಿದ್ದರೆ ಪ್ರತಿ ಕಟ್ಟೂ ಕಿವಿಗೆ ಚುಚ್ಚುತ್ತದೆ.

ಎಡಿಟಿಂಗ್‌ನಲ್ಲಿ ಮೊದಲು ಮಾಡಿದ ಕೆಲಸ, ಕೊಪ್ಪರಿಗೆಯ ದೃಶ್ಯಗಳ ಕೆಳಗಿದ್ದ ಕೊಳಲನ್ನು ತೆಗೆದದ್ದು. ಚೆನ್ನಾಗಿಯೇ ಇತ್ತು, ಆದರೆ ಕೊತಕೊತವನ್ನು ಮುಚ್ಚುತ್ತಿತ್ತು. ಮೂರು ಹಂತದ ಕುದಿತವನ್ನು ಆಯಾ ಹೊತ್ತಿನ ಚಿತ್ರಕ್ಕೆ ಕೂರಿಸಿದೆ. ಪಾಕ ಇಳಿಸುವ ಮುಂಚೆ ಗಾಣದ ಮೋಟರ್ ಸದ್ದನ್ನು ಎಂಟು ಸೆಕೆಂಡಿನಲ್ಲಿ ನಿಧಾನವಾಗಿ ಇಳಿಸುತ್ತಾ ಬಂದೆ. ನಿಜದಲ್ಲಿ ಆ ಹೊತ್ತಿಗೆ ಗಾಣ ಓಡುತ್ತಲೇ ಇತ್ತು. ಆದರೆ ಯಜಮಾನರ ಕಿವಿಗೆ ಆಗ ಗಾಣ ಕೇಳುವುದಿಲ್ಲ, ಪಾಕ ಮಾತ್ರ ಕೇಳುತ್ತದೆ. ಅದನ್ನೇ ನೋಡುವವರಿಗೂ ಕೇಳಿಸಬೇಕಿತ್ತು. ಇದು ಸುಳ್ಳಲ್ಲ ಅನ್ನೋದು ನನ್ನ ನಂಬಿಕೆ. ಅಚ್ಚನ್ನು ಬೋರಲು ಹಾಕಿ ತಟ್ಟುವ ಸದ್ದನ್ನು ಒಂದೂವರೆ ಸೆಕೆಂಡು ಮೊದಲೇ ಶುರು ಮಾಡಿದೆ. ಬೆಲ್ಲ ಕಾಣುವ ಮೊದಲು ಅದು ಬಿದ್ದ ಸದ್ದು ಬರುತ್ತದೆ.

ಹೆಡ್‌ಫೋನಿನಲ್ಲಿ ಎಲ್ಲ ಸರಿಯಾಯಿತು. ಮೊಬೈಲಿನಲ್ಲಿ ಹಾಕಿದರೆ ಲೊಟಕ್ ಮಾಯ! ಫೋನಿನ ಪುಟ್ಟ ಸ್ಪೀಕರ್ ಇಂಥ ತಗ್ಗು ಸ್ವರದ ಸದ್ದನ್ನು ಹೊರಡಿಸುವುದೇ ಇಲ್ಲ. ಮನೆಯಲ್ಲಿ ರಾಗಿ ಅಂಬಲಿ ಕುದಿಸಿ, ಹತ್ತಿರದಿಂದ ರೆಕಾರ್ಡ್ ಮಾಡಿ ಬೆರೆಸಿ ನೋಡಿದೆ. ಕೇಳಲು ಜೋರಾಗಿತ್ತು. ಆದರೆ ಪಾಕದ ಸದ್ದಿನ ಜಾಗವನ್ನು ಅಂಬಲಿಯ ಸದ್ದಿನಿಂದ ತುಂಬಲು ಮನಸ್ಸು ಒಪ್ಪಲಿಲ್ಲ. ತೆಗೆದುಬಿಟ್ಟೆ. ಕಥೆಯ ಸಿನಿಮಾ ಆಗಿದ್ದರೆ ಇಟ್ಟುಕೊಳ್ಳುತ್ತಿದ್ದೆ. ಗುಳ್ಳೆ ಒಡೆಯುವಾಗ ತುದಿಯಲ್ಲಿ ಒಂದು ಸಣ್ಣ ಟಪ್ ಇರುತ್ತದೆ, ಅದು ಮೇಲಿನ ಸ್ವರದ್ದು. ಮೇಲಿನ, ಕೆಳಗಿನ ಸ್ವರಗಳನ್ನು ಬೇರೆ ಬೇರೆ ಏರಿಸಿ ಇಳಿಸುವ ಈಕ್ವಲೈಸರ್‌ನಲ್ಲಿ ಅದನ್ನೇ ಸ್ವಲ್ಪ ಎತ್ತಿದೆ, ಹಿನ್ನೆಲೆಯ ಬೆಂಕಿಯನ್ನು ತಗ್ಗಿಸಿದೆ. ಫೋನಿನಲ್ಲೂ ಕೇಳಿಸಿತು. ಒಟ್ಟು ಸದ್ದನ್ನು ಮೈನಸ್ 14 ಎಲ್‌ಯುಎಫ್‌ಎಸ್ ಸುತ್ತ ಇಟ್ಟೆ. ಸದ್ದು ಕಿವಿಗೆ ಒಟ್ಟಾರೆ ಎಷ್ಟು ಜೋರು ಅನ್ನೋದರ ಅಳತೆ ಅದು. ಅದಕ್ಕಿಂತ ಜೋರಾದರೆ ಯೂಟ್ಯೂಬ್ ತಾನೇ ತಗ್ಗಿಸುತ್ತದೆ.

ಹೊಸ ವಿಡಿಯೋವನ್ನು ಯಜಮಾನರು ತಮ್ಮ ಮೊಮ್ಮಗಳ ಫೋನಿನಲ್ಲೇ ನೋಡಿದರು. ಪಾಕ ಸುರಿಯುವಲ್ಲಿ ಏನೂ ಅನ್ನಲಿಲ್ಲ. ಮುಂದೆ ಅಚ್ಚು ತಟ್ಟುವಲ್ಲಿ ತಡೆದು, "ಇದು ನಮ್ಮ ಅಚ್ಚಲ್ಲ, ಪಕ್ಕದೋರದು. ನಮ್ದು ಹಿಂಗ್ ಸದ್ದು ಮಾಡಲ್ಲ" ಅಂದರು. ಫೈಲ್ ತೆಗೆದು ನೋಡಿದೆ. ಅವರ ಅಚ್ಚು ತಟ್ಟುವಾಗ ಗಾಳಿ ಬಡಿದು ಸದ್ದು ಕೆಟ್ಟಿತ್ತು, ಪಕ್ಕದ ಆಲೆಮನೆಯದನ್ನು ಹಾಕಿದ್ದೆ. ಶನಿವಾರ ಮತ್ತೆ ಹೋಗುತ್ತಿದ್ದೇನೆ.