ರೇಷ್ಮೆ ಹುಳುಮನೆಯಲ್ಲಿ ಕೆಲಸ ಹಂಚುವುದು ಹೇಗೆ

ರಾಮನಗರ, ಕನಕಪುರ, ಶಿಡ್ಲಘಟ್ಟ, ಚಿಂತಾಮಣಿಯ ಕಡೆ ರೇಷ್ಮೆ ಬೆಳೆಯುವ ಮನೆಗಳಲ್ಲಿ ಕೆಲಸ ಬಾರದವರು ಯಾರೂ ಇರುವುದಿಲ್ಲ. ಅಜ್ಜಿಯಿಂದ ಹಿಡಿದು ಶಾಲೆಗೆ ಹೋಗುವ ಹುಡುಗನವರೆಗೆ ಎಲ್ಲರೂ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹಾಕಬಲ್ಲರು. ಆದರೆ ಸೊಪ್ಪು ಯಾವಾಗ ನಿಲ್ಲಿಸಬೇಕು, ಯಾವ ಹುಳುವನ್ನು ಎತ್ತಿ ಹೊರಗೆ ಹಾಕಬೇಕು, ಗೂಡನ್ನು ಯಾವ ದಿನ ಬಿಡಿಸಬೇಕು ಎಂದು ತೀರ್ಮಾನಿಸುವವರು ಸಾಮಾನ್ಯವಾಗಿ ಒಬ್ಬರೇ, ಮನೆಯ ಯಜಮಾನರು. ಅವರು ಮದುವೆಗೋ ಆಸ್ಪತ್ರೆಗೋ ಎಂದು ಎರಡು ದಿನ ಊರು ಬಿಟ್ಟರೆ, ವರ್ಷಗಟ್ಟಲೆ ಆ ಮನೆಯಲ್ಲಿ ದುಡಿದವರೂ ಫೋನ್ ಹಿಡಿದು ಅವರ ಮಾತಿಗಾಗಿ ಕಾಯಬೇಕಾಗುತ್ತದೆ. ದುಡಿಮೆ ಮನುಷ್ಯನನ್ನು ತಿದ್ದುತ್ತದೆ ಎಂಬ ಮಾತು ನಿಜವಾಗಬೇಕಾದರೆ, ಪ್ರತಿ ಕೆಲಸದ ಜೊತೆಗೆ ಅದಕ್ಕೆ ಸೇರಿದ ಒಂದು ತೀರ್ಮಾನವನ್ನೂ ಆ ಕೆಲಸ ಮಾಡುವವರ ಕೈಗೆ ಬಿಡಬೇಕು. ಹಾಗೆ ಬಿಡುವ ಬಗೆಯನ್ನು ಒಂದು ಬೆಳೆಯ ಕ್ರಮದಲ್ಲೇ ಮುಂದೆ ವಿವರಿಸಲಾಗಿದೆ.

ಮರಿಹುಳು ಸಾಕಿ ಕೊಡುವ ಚಾಕಿ ಕೇಂದ್ರಕ್ಕೆ ಹುಳು ಬೇಕೆಂದು ಹೇಳುವ ಮೊದಲು ಮನೆಮಂದಿಯೆಲ್ಲ ಒಂದು ಸಂಜೆ ಕೂತು ತೋಟದ ಸೊಪ್ಪನ್ನೂ ಮನೆಯ ಕೈಗಳನ್ನೂ ಲೆಕ್ಕ ಹಾಕಬೇಕು. ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪನ್ನೇ ರೈತರು ಒಂದು ಮೊಟ್ಟೆ ಎನ್ನುವುದರಿಂದ, ನೂರು ಮೊಟ್ಟೆಯೆಂದರೆ 40ರಿಂದ 50 ಸಾವಿರ ಹುಳು. ಅವು ಗೂಡು ಕಟ್ಟುವ ಹೊತ್ತಿಗೆ ಸುಮಾರು ಒಂದು ಟನ್ ಸೊಪ್ಪು ತಿನ್ನುತ್ತವೆ, ಅದರಲ್ಲೂ ಶೇಕಡಾ 80ಕ್ಕಿಂತ ಹೆಚ್ಚು ಭಾಗ ನಾಲ್ಕನೆಯ ಜ್ವರ (ಹುಳು ಪೊರೆ ಕಳಚುವ ಹೊತ್ತು) ಕಳೆದ ಮೇಲಿನ ಏಳೆಂಟು ದಿನಗಳಲ್ಲೇ ಖರ್ಚಾಗುತ್ತದೆ. ಆದ್ದರಿಂದ ಮನೆಯಲ್ಲಿ ಎಷ್ಟು ಜನರಿದ್ದಾರೆ ಎಂಬುದಕ್ಕಿಂತ ಆ ಏಳೆಂಟು ದಿನ ಯಾರು ಯಾರು ಊರಲ್ಲಿರುತ್ತಾರೆ ಎಂಬುದೇ ಮುಖ್ಯವಾದ ಪ್ರಶ್ನೆ. ತೋಟದಲ್ಲಿ ಸೊಪ್ಪು ಧಾರಾಳವಾಗಿದೆ ಎಂದು ಇನ್ನೂರು ಮೊಟ್ಟೆ ತಂದು, ಕೊನೆಯ ವಾರ ಮಕ್ಕಳನ್ನು ಶಾಲೆ ಬಿಡಿಸುವ ಮನೆಗಳಿವೆ. ಅದನ್ನು ಶ್ರಮದ ಪಾಠ ಎಂದು ಕರೆಯಲು ನನಗೆ ಮನಸ್ಸಿಲ್ಲ. ಅದು ಲೆಕ್ಕ ತಪ್ಪಿದ ಯಜಮಾನಿಕೆ.

ಮಕ್ಕಳ ವಿಷಯದಲ್ಲಿ ಕಾನೂನೂ ಸ್ಪಷ್ಟವಾಗಿದೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿಯ ಪ್ರಕಾರ 14 ವರ್ಷದೊಳಗಿನ ಮಗು ಮನೆಯವರಿಗೆ ಕೆಲಸದಲ್ಲಿ ನೆರವಾಗಬಹುದಾದರೂ ಅದು ಶಾಲೆಯ ಸಮಯದ ನಂತರ ಅಥವಾ ರಜೆಯಲ್ಲಿ ಮಾತ್ರ, ಅದೂ ಅಪಾಯವಿಲ್ಲದ ಕೆಲಸವಾಗಿರಬೇಕು. ಹುಳುಮನೆ ತೊಳೆದು, ಶೇಕಡಾ 2ರ ಬ್ಲೀಚಿಂಗ್ ಪೌಡರನ್ನು ಸುಣ್ಣದ ತಿಳಿಯಲ್ಲಿ ಬೆರೆಸಿ ಗೋಡೆ, ಹುಳು ಸಾಕುವ ತಟ್ಟೆ, ಗೂಡು ಕಟ್ಟಿಸುವ ಚಂದ್ರಿಕೆಗಳಿಗೆ ಸಿಂಪಡಿಸುವ ಕೆಲಸ ಅಪಾಯವಿಲ್ಲದ್ದಲ್ಲ. ಅದನ್ನು ದೊಡ್ಡವರೇ ಮೂಗುಬಾಯಿ ಕಟ್ಟಿಕೊಂಡು ಮಾಡಬೇಕು.

ಸೊಪ್ಪು ತರುವ ಕೆಲಸದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಬೆಳಗಿನ ತಂಪಿನಲ್ಲೋ ಸಂಜೆಯೋ ಕೊಯ್ದು, ಒದ್ದೆ ಗೋಣಿ ಹೊದಿಸಿ ಇಡುವುದು ಎಲ್ಲರಿಗೂ ತಿಳಿದದ್ದೇ. ತೋಟ ನೋಡಿಕೊಳ್ಳುವವರಿಗೆ ಬಿಡಬೇಕಾದ ತೀರ್ಮಾನವೆಂದರೆ ಯಾವ ಸಾಲನ್ನು ಕೊಯ್ಯಬಾರದು ಎಂಬುದು. ಪಕ್ಕದ ಹೊಲದವರು ಟೊಮೆಟೊಗೆ ಔಷಧಿ ಹೊಡೆದರೆ ಆ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟು, ಆ ಬದುವಿನ ಪಕ್ಕದ ಸೊಪ್ಪು ಬೇಡವೆಂದು ಅವರು ಹೇಳಿದರೆ ಯಜಮಾನರೂ ಕೇಳಬೇಕು. ಬೀಡಿ ಸೇದಿದ ಕೈಯಲ್ಲಿ ಸೊಪ್ಪು ಮುಟ್ಟಬೇಡಿ ಎಂದು ಹೇಳುವ ಅಧಿಕಾರವೂ ಅವರಿಗೇ ಇರಲಿ. ತಂಬಾಕಿನ ನಂಜು ಹುಳುವಿಗೆ ಕೆಡುಕು ಎಂಬುದು ಗೊತ್ತಿದ್ದೂ ಹಿರಿಯರಿಗೆ ಹೇಳಲು ಅಂಜುವವರೇ ಹೆಚ್ಚು.

ನಿಜವಾದ ಕಲಿಕೆ ನಡೆಯುವುದು ಜ್ವರದ ದಿನಗಳಲ್ಲಿ. ಹುಳು ತನ್ನ ಜೀವನದಲ್ಲಿ ನಾಲ್ಕು ಸಲ ಜ್ವರಕ್ಕೆ ಹೋಗುತ್ತದೆ, ಅಂದರೆ ಮೇವು ಬಿಟ್ಟು ಪೊರೆ ಕಳಚುತ್ತದೆ. ಚಾಕಿ ಕೇಂದ್ರದವರು ಸಾಮಾನ್ಯವಾಗಿ ಎರಡನೆಯ ಜ್ವರ ಕಳೆದ ಹುಳುವನ್ನೇ ಕೊಡುವುದರಿಂದ ಮೂರು ಮತ್ತು ನಾಲ್ಕನೆಯ ಜ್ವರಗಳು ಮನೆಯಲ್ಲಿ ಆಗುತ್ತವೆ. ಇವುಗಳಲ್ಲಿ ಮೂರನೆಯದನ್ನು ಕಲಿಯುವವರಿಗೆ ಪೂರ್ತಿಯಾಗಿ ಬಿಟ್ಟುಕೊಡಬಹುದು. ಹುಳು ಇನ್ನೂ ಚಿಕ್ಕದಾಗಿರುವುದರಿಂದ ಅರ್ಧ ದಿನದ ತಪ್ಪು ಬೆಳೆಯನ್ನೇ ಕೆಡಿಸುವುದಿಲ್ಲ. ಮೊದಲು ತಟ್ಟೆಯ ಮುಂದೆ ಅವರನ್ನು ಕೂರಿಸಿ ಒಂದೊಂದೇ ಹುಳುವನ್ನು ತೋರಿಸಬೇಕು. ಜ್ವರಕ್ಕೆ ಕೂತ ಹುಳುವಿನ ಮೈ ಬಿಗಿದು ಹೊಳೆಯುತ್ತದೆ. ಅದು ಮುಂಭಾಗವನ್ನು ಮೇಲೆತ್ತಿ ಅಲುಗಾಡದೆ ನಿಲ್ಲುತ್ತದೆ. ತಲೆ ಮೈಗಿಂತ ತೀರ ಚಿಕ್ಕದಾಗಿ ಕಾಣುತ್ತದೆ. ಜ್ವರದಿಂದ ಎದ್ದ ಹುಳುವಿಗೆ ತಲೆ ದೊಡ್ಡದು, ಮೈ ಸಡಿಲವಾಗಿ ಸುಕ್ಕುಗಟ್ಟಿರುತ್ತದೆ, ಊದಿದರೆ ತಲೆ ಆಡಿಸುತ್ತದೆ. ನೂರಕ್ಕೆ ತೊಂಬತ್ತು ಹುಳು ಕೂತಾಗ ಸೊಪ್ಪು ನಿಲ್ಲಿಸಿ ಸುಣ್ಣದ ಪುಡಿ ಉದುರಿಸಿ ಹಾಸನ್ನು ಒಣಗಿಸಬೇಕು. ಹೆಚ್ಚುಕಡಿಮೆ ಎಲ್ಲವೂ ಎದ್ದ ಮೇಲಷ್ಟೇ ಮತ್ತೆ ಸೊಪ್ಪು ಹಾಕಬೇಕು. ಮೊದಲು ಎದ್ದವು ಹಸಿದಿವೆ ಎಂದು ಮರುಗಿ ಸೊಪ್ಪು ಚೆಲ್ಲಿದರೆ ಹುಳು ಸಣ್ಣದು ದೊಡ್ಡದಾಗಿ, ಮುಂದಿನ ಜ್ವರವೂ ಹಣ್ಣಾಗುವುದೂ (ಗೂಡು ಕಟ್ಟಲು ಸಿದ್ಧವಾಗುವುದು) ಒಂದೇ ಹೊತ್ತಿಗೆ ಆಗದೆ ಕೊನೆಯವರೆಗೂ ಕಾಡುತ್ತದೆ. ಈ ಎರಡು ಗಳಿಗೆಗಳನ್ನು ಕಲಿಯುವವರೇ ಹೇಳಬೇಕು. ಹಿರಿಯರು ಹತ್ತಿರವೇ ಇರಲಿ, ಆದರೆ ಬಾಯಿ ಬಿಡದೆ ಇರಲಿ. ಹೇಳಿದ್ದು ಸರಿಯೋ ತಪ್ಪೋ ಎಂಬುದನ್ನು ನಾಲ್ಕನೆಯ ಜ್ವರದ ಹೊತ್ತಿಗೆ ತಟ್ಟೆಯೇ ತೋರಿಸುತ್ತದೆ. ಹೈಸ್ಕೂಲಿನ ಮಗಳಿಗೋ ಹೊಸದಾಗಿ ಮನೆಗೆ ಬಂದ ಸೊಸೆಗೋ ತನ್ನ ಮಾತಿನಂತೆ ಇಡೀ ಮನೆ ಸೊಪ್ಪು ನಿಲ್ಲಿಸಿತು ಎಂಬುದು ಸಣ್ಣ ಸಂಗತಿಯಲ್ಲ.

ರೋಗ ಗುರುತಿಸುವುದು ಇದಕ್ಕಿಂತ ಕಷ್ಟ, ಅದನ್ನು ಅನುಭವಸ್ಥರಿಗೇ ಬಿಡಬೇಕು. ಹಾಲುತೊಂಡೆ ತಗುಲಿದ ಹುಳು ಊದಿಕೊಂಡು ತಟ್ಟೆಯ ಅಂಚಿಗೆ ಅಲೆಯುತ್ತದೆ, ಚರ್ಮ ಒಡೆದರೆ ಹಾಲಿನಂಥ ದ್ರವ ಬರುತ್ತದೆ; ಸುಣ್ಣಕಟ್ಟಿನಲ್ಲಿ ಸತ್ತ ಹುಳು ಗಟ್ಟಿಯಾಗಿ ಬೆಳ್ಳಗಾಗುತ್ತದೆ. ಇವನ್ನು ಮೊದಲು ಕಾಣುವವರು ಸಾಮಾನ್ಯವಾಗಿ ದಿನವಿಡೀ ಹುಳುಮನೆಯಲ್ಲಿರುವ ಹೆಂಗಸರು. ಹೀಗಿದ್ದೂ ಮುಟ್ಟಾದವರು ಹುಳುಮನೆಗೆ ಬರಬಾರದೆಂಬ ಕಟ್ಟಳೆ ಇನ್ನೂ ಕೆಲವು ಮನೆಗಳಲ್ಲಿದೆ. ಹುಳುವಿಗೆ ಬೇಕಾದದ್ದು ತೊಳೆದ ಕೈ, ಹೊರಗೆ ಬಿಟ್ಟ ಚಪ್ಪಲಿ, ಶುಚಿಯಾದ ಬಟ್ಟೆ. ತಿಂಗಳಿಗೆ ಮೂರು ನಾಲ್ಕು ದಿನ ಮನೆಯ ಅತ್ಯಂತ ಚುರುಕಾದ ಕಣ್ಣನ್ನು ಬಾಗಿಲಾಚೆ ನಿಲ್ಲಿಸುವುದರಿಂದ ರೋಗ ತಡವಾಗಿ ಗೊತ್ತಾಗುತ್ತದೆಯೇ ಹೊರತು ಬೇರೇನೂ ಆಗುವುದಿಲ್ಲ. ಮಗನಿಗೂ ಈ ಹೆಂಗಸರ ಪಕ್ಕದಲ್ಲಿ ತಟ್ಟೆ ನೋಡುವ ಕೆಲಸ ಹಚ್ಚಬೇಕು. ಹೊರಗಿನದೆಲ್ಲ ಗಂಡಿಗೆ, ಒಳಗಿನದೆಲ್ಲ ಹೆಣ್ಣಿಗೆ ಎಂಬ ಹಂಚಿಕೆಯಲ್ಲಿ ಗಂಡುಮಕ್ಕಳು ಸೊಪ್ಪಿನ ಹೊರೆಯನ್ನಷ್ಟೇ ಕಲಿಯುತ್ತಾರೆ.

ಹುಳು ಹಣ್ಣಾದ ದಿನ ಹಂಚಿಕೆಯೆಲ್ಲ ಕಲಸಿಹೋಗುತ್ತದೆ. ಮೇವು ಬಿಟ್ಟು, ಮೈ ತಿಳಿಯಾಗಿ, ತಲೆಯೆತ್ತಿ ಅಲೆಯುವ ಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಡಬೇಕು. ಒಂದು ಚಂದ್ರಿಕೆಗೆ ಸುಮಾರು ಸಾವಿರ ಹುಳು ಸಾಕು. ಹಣ್ಣಾಗದ್ದನ್ನು ಬಿಟ್ಟರೆ ಗೂಡು ತೆಳುವಾಗುತ್ತದೆ, ತಡಮಾಡಿದರೆ ನೂಲು ತಟ್ಟೆಯಲ್ಲೇ ಹೋಗುತ್ತದೆ. ಮುಯ್ಯಾಳಿಗೆ ಯಾರ ಮನೆಗೆ ಹೇಳಬೇಕು, ಅವರ ಬೆಳೆಗೆ ನಾವು ಯಾವಾಗ ಹೋಗಬೇಕು ಎಂಬುದನ್ನು ಮನೆಯ ಒಡತಿ ಮೊದಲೇ ಗೊತ್ತುಮಾಡಿರಬೇಕು.

ಗೂಡು ಬಿಡಿಸಿ ಮಾರುಕಟ್ಟೆಗೆ ಒಯ್ಯುವಾಗ ಪ್ರತಿ ಬೆಳೆಗೂ ಬೇರೆ ಬೇರೆ ಒಬ್ಬರನ್ನು ಯಜಮಾನರು ಜೊತೆಗೆ ಕರೆದೊಯ್ಯಬೇಕು. ರಾಮನಗರದಂಥ ಸರ್ಕಾರಿ ಮಾರುಕಟ್ಟೆಯಲ್ಲಿ ಲಾಟ್ ಸಂಖ್ಯೆ ಪಡೆದು, ಇ-ಹರಾಜಿನಲ್ಲಿ ತಮ್ಮ ಗೂಡಿಗೆ ಬಂದ ದರವನ್ನೂ ಪಕ್ಕದ ಲಾಟಿಗೆ ಬಂದ ದರವನ್ನೂ ನೋಡಿದವರಿಗೆ, ಗೂಡು ಆರಿಸುವಾಗ ಕಲೆಬಿದ್ದದ್ದನ್ನು, ಜೋಡಿಗೂಡನ್ನು ಏಕೆ ತೆಗೆಯಬೇಕೆಂದು ಮತ್ತೆ ಹೇಳಬೇಕಾಗುವುದಿಲ್ಲ. ಹಣ ಬ್ಯಾಂಕಿನ ಖಾತೆಗೆ ಬರುತ್ತದೆ. ಆ ಖಾತೆ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿರಲಿ. ಮನೆಗೆ ಬಂದ ರಾತ್ರಿಯೇ ಚಾಕಿ, ಗೊಬ್ಬರ, ಕೂಲಿ, ಬಾಡಿಗೆಯ ಖರ್ಚನ್ನು ಎಲ್ಲರ ಎದುರಿಗೆ ಓದಿ ಕಳೆದು, ಉಳಿದದ್ದೆಷ್ಟು ಎಂದು ಮಕ್ಕಳಿಂದಲೇ ಬರೆಸಬೇಕು. ನಷ್ಟವಾದ ಬೆಳೆಯ ಲೆಕ್ಕವನ್ನು ಮುಚ್ಚಿಡುವುದು ಬೇಡ. ಅದನ್ನು ಕೇಳಿಸಿಕೊಂಡು ಬೆಳೆದ ಮಗು ಮುಂದೆ ಬೆಂಗಳೂರಿನಲ್ಲಿ ಬೇರೆ ಕೆಲಸ ಹಿಡಿದರೂ ಸಾಲದ ಮಾತು ಬಂದಾಗ ಲೆಕ್ಕ ಕೇಳಿಯೇ ಕೇಳುತ್ತದೆ.

ಅದೇ ಕೂಟದಲ್ಲಿ ಮುಂದಿನ ಬೆಳೆಯ ದಿನವನ್ನೂ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಎರಡನೆಯ ಜ್ವರ ಕಳೆದ ಹುಳು ಮನೆಗೆ ಬಂದ ಮೇಲೆ ಹಣ್ಣಾಗಲು ಸುಮಾರು 16ರಿಂದ 18 ದಿನ ಬೇಕು. ಮನೆಯಲ್ಲಿ ಎಸ್ಸೆಸ್ಸೆಲ್ಸಿಗೋ ಪಿಯುಸಿಗೋ ಕೂರುವ ಮಗುವಿದ್ದರೆ ಪರೀಕ್ಷೆಯ ವೇಳಾಪಟ್ಟಿಯನ್ನು ಮುಂದಿಟ್ಟುಕೊಂಡು, ನಾಲ್ಕನೆಯ ಜ್ವರದ ನಂತರದ ವಾರ ಆ ದಿನಗಳ ಮೇಲೆ ಬೀಳದಂತೆ ಹಿಂದಕ್ಕೆ ಎಣಿಸಿ ಚಾಕಿ ಕೇಂದ್ರದಲ್ಲಿ ದಿನಾಂಕ ಬರೆಸಬೇಕು. ಹೊಂದದಿದ್ದರೆ ಆ ಬೆಳೆಗೆ ಮೊಟ್ಟೆಯನ್ನು ಅರ್ಧಕ್ಕೆ ಇಳಿಸಬೇಕು.