ಸೀ, ಲುಕ್, ವಾಚ್: ಮೂರಕ್ಕೂ ‘ನೋಡು’ ಅಂದರೆ ಸಾಲದು

ಸಂಜೆ ಹೊತ್ತು ಸ್ಪೋಕನ್ ಇಂಗ್ಲಿಷ್ ಹೇಳಿಕೊಡುತ್ತೇನೆ. ಬರುವವರು ಹೆಚ್ಚಾಗಿ ಕನ್ನಡ ಮೀಡಿಯಂನಲ್ಲಿ ಓದಿದವರು. ಅವರಿಗೆ ಪದ ಗೊತ್ತಿಲ್ಲ ಅಂತೇನಿಲ್ಲ, ಹತ್ತಿರದ ಅರ್ಥದ ಮೂರ್ನಾಲ್ಕು ಪದ ಗೊತ್ತಿದ್ದು ಯಾವುದನ್ನು ಎಲ್ಲಿ ಹಾಕಬೇಕು ಅಂತ ತಡವರಿಸುತ್ತಾರೆ. ಇಂಗ್ಲಿಷ್-ಕನ್ನಡ ನಿಘಂಟು ತೆಗೆದರೆ ಸೀ ಅಂದರೂ ನೋಡು, ಲುಕ್ ಅಂದರೂ ನೋಡು, ವಾಚ್ ಅಂದರೂ ನೋಡು. ‘ಕೇಳು’ ಕತೆ ಇನ್ನೂ ಜೋರು, ಆಸ್ಕ್, ಹಿಯರ್, ಲಿಸನ್ ಮೂರೂ ಅದರೊಳಗೇ.

ನಾನು ಮೊದಲು ಕನ್ನಡದಲ್ಲೇ ಹುಡುಕಲು ಹೇಳುತ್ತೇನೆ. ‘ಹಕ್ಕಿ ಕೂಗಿದ್ದು ಕೇಳಿಸಿತು’ ಬೇರೆ, ‘ಕೂತು ರೇಡಿಯೋ ಕೇಳಿದೆ’ ಬೇರೆ, ಅಲ್ವಾ? ತಾನಾಗಿ ಕಿವಿಗೆ ಬಿದ್ದರೆ ಹಿಯರ್, ಕಿವಿಗೊಟ್ಟು ಕೇಳಿದರೆ ಲಿಸನ್. ಕಣ್ಣಿಗೂ ಇದೇ ಲೆಕ್ಕ. ‘ನೋಡಿದೆ, ಏನೂ ಕಾಣಲಿಲ್ಲ’ ಅನ್ನುವ ವಾಕ್ಯವನ್ನು ಬೋರ್ಡ್ ಮೇಲೆ ಬರೆದು ಅದರ ಕೆಳಗೆ ‘ಐ ಲುಕ್ಡ್, ಬಟ್ ಐ ಸಾ ನಥಿಂಗ್’ ಅಂತ ಬರೆದರೆ ಸಾಕು, ಜಾಸ್ತಿ ವಿವರಣೆ ಬೇಕಾಗುವುದಿಲ್ಲ. ವಾಚ್ ಅಂದರೆ ನಡೆಯುತ್ತಿರುವುದನ್ನು ಗಮನವಿಟ್ಟು ನೋಡುತ್ತಾ ಇರುವುದು: ಮ್ಯಾಚ್, ಟಿವಿ, ಅಂಗಳದಲ್ಲಿ ಆಡುತ್ತಿರುವ ಮಗು. ಗೋಡೆಯ ಮೇಲಿನ ಫೋಟೋಗೆ ಲುಕ್ ಅಟ್. ಸಿನಿಮಾ ಮಾತ್ರ ತರಲೆ, ಥಿಯೇಟರ್‌ಗೆ ಹೋಗಿ ನೋಡಿದರೆ ಸೀ ಅಂತಲೂ ಅನ್ನುತ್ತಾರೆ.

ಎಲ್ಲ ಜೋಡಿಗೂ ಕನ್ನಡದ ಈ ದಾರಿ ನಡೆಯುವುದಿಲ್ಲ. ಸೇ ಮತ್ತು ಟೆಲ್ ತಗೊಳ್ಳಿ, ಎರಡೂ ನಮಗೆ ‘ಹೇಳು’. ಇಲ್ಲಿ ಅರ್ಥದ ಹಿಂದೆ ಹೋದರೆ ಸುಮ್ನೆ ಸುತ್ತಾಟ. ಆ ಪದದ ಪಕ್ಕದಲ್ಲಿ ಯಾರು ಕೂತಿದ್ದಾರೆ ಅಂತ ನೋಡಬೇಕು. ಟೆಲ್ ಪಕ್ಕದಲ್ಲಿ ‘ಯಾರಿಗೆ’ ಬರುತ್ತದೆ: ಟೆಲ್ ಮಿ, ಟೆಲ್ ಹರ್. ಸೇ ಪಕ್ಕದಲ್ಲಿ ‘ಏನು’ ಬರುತ್ತದೆ, ಯಾರಿಗೆ ಅಂತ ಹೇಳಲೇಬೇಕಿದ್ದರೆ ನಡುವೆ ಟು ಹಾಕಬೇಕು. ‘ಹೀ ಸೆಡ್ ಮಿ’ ಅನ್ನುವುದು ಇಷ್ಟಕ್ಕೇ ಸಿಕ್ಕಿಬೀಳುತ್ತದೆ. ಟೆಲ್ ಎ ಲೈ, ಟೆಲ್ ದ ಟ್ರೂತ್ ಇದಕ್ಕೆ ಬಗ್ಗದವು, ಅವನ್ನು ಬಾಯಿಪಾಠ ಮಾಡಿಸುತ್ತೇನೆ.

ಪಕ್ಕದ ಪದ ನೋಡುವ ಅಭ್ಯಾಸ ನನಗೆ ಬಂದದ್ದು ಕಲಿಯುವವರಿಗಾಗಿಯೇ ಮಾಡಿದ ಇಂಗ್ಲಿಷ್-ಇಂಗ್ಲಿಷ್ ನಿಘಂಟಿನಿಂದ. ಎ. ಎಸ್. ಹಾರ್ನ್‌ಬಿ ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು. ಅವರು ಜೊತೆಗಾರರೊಂದಿಗೆ ಮಾಡಿದ ನಿಘಂಟು 1942ರಲ್ಲಿ ಅಲ್ಲೇ ಅಚ್ಚಾಯಿತು, 1948ರಲ್ಲಿ ಆಕ್ಸ್‌ಫರ್ಡ್ ಅದನ್ನು ಮತ್ತೆ ಹೊರತಂದಿತು. ಕ್ರಿಯಾಪದದ ಮುಂದೆ ಏನು ಬರಬೇಕು ಅನ್ನುವುದನ್ನೂ ಅದು ತೋರಿಸುತ್ತದೆ. ದಿನಾ ಪಾಠ ಮಾಡುವವರಿಗೇ ಹೊಳೆಯುವ ವಿಷಯ ಅದು.

ಗುಣ ಹೇಳುವ ಪದಗಳಿಗೆ ಹೋಟೆಲಿನ ಮಾತೇ ಸಾಕು. ‘ಒಂದು ಸ್ಟ್ರಾಂಗ್ ಕಾಫಿ’ ಅನ್ನುತ್ತೇವೆ, ಪವರ್‌ಫುಲ್ ಕಾಫಿ ಅಂತ ಯಾರೂ ಕೇಳಲ್ಲ. ಮಳೆ ಹೆವಿ, ಗಾಳಿ ಸ್ಟ್ರಾಂಗ್. ಯಾಕೆ ಅಂತ ಕೇಳಿದರೆ ಉತ್ತರವಿಲ್ಲ, ಜೋಡಿಯಾಗಿಯೇ ಬರೆದುಕೊಳ್ಳಿ ಅನ್ನುತ್ತೇನೆ.

ಬಿಗಿನ್, ಸ್ಟಾರ್ಟ್ ಜೋಡಿಗೆ ಹೊತ್ತು ಕಳೆಯುವುದಿಲ್ಲ. ಹೆಚ್ಚಿನ ಕಡೆ ಯಾವುದು ಹಾಕಿದರೂ ನಡೆಯುತ್ತದೆ. ಗಾಡಿ ಮಾತ್ರ ಸ್ಟಾರ್ಟ್ ಆಗಬೇಕು, ಅದನ್ನು ನಮ್ಮವರಿಗೆ ಯಾರೂ ಕಲಿಸಬೇಕಾಗಿಲ್ಲ.