ಮೇಲಿನ ತಂತಿಯನ್ನು ನೆಲಕ್ಕೆ ಇಳಿಸಿದ್ದು: ನನ್ನ ಅನುಭವ

ಕೊಡಗಿನ ಸುಂಟಿಕೊಪ್ಪ ಕಡೆಯ ಒಂದು ಕಾಫಿ ತೋಟದಲ್ಲಿ ನಾನು ರೈಟರ್, ಅಂದರೆ ಆಳುಗಳ ಹಾಜರಿ, ಕೆಲಸ ನೋಡಿಕೊಳ್ಳುವವನು. ಹದಿನೆಂಟು ವರ್ಷ ಆಯಿತು. ಮರಕ್ಕೆ ಹಬ್ಬಿದ ಕಾಳುಮೆಣಸು ಕುಯ್ಯುವಾಗ ಅಲ್ಯೂಮಿನಿಯಂ ಏಣಿ ಕರೆಂಟ್ ತಂತಿಗೆ ತಗುಲಿ ಆಗುವ ಸಾವಿನ ಸುದ್ದಿ ನಮ್ಮ ಜಿಲ್ಲೆಗೆ ಹೊಸದಲ್ಲ. ನಮ್ಮ ತೋಟದಲ್ಲಿ ಕಳೆದ ನಾಲ್ಕು ಕುಯ್ಲಿನಲ್ಲಿ ಒಂದು ಏಣಿಯೂ ಕರೆಂಟ್ ಇರುವ ತಂತಿಯ ಹತ್ತಿರ ಹೋಗಿಲ್ಲ. ನೆಲದ ಮೇಲೆ ಎಳೆದ ಸುಣ್ಣದ ಗೆರೆಯಿಂದ ಇದು ಸಾಧ್ಯವಾಯಿತು. ಇದು ಆಗುವ ಮಾತಲ್ಲ ಅಂದವರು ಈಗ ಫೋನ್ ಮಾಡಿ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಶುರುವಾದದ್ದು ಪಕ್ಕದ ತೋಟದ ಒಂದು ಸಾವಿನಿಂದ. ಇಬ್ಬರು ಏಣಿಯನ್ನು ನಿಲ್ಲಿಸಿಕೊಂಡೇ ಒಂದು ಸಿಲ್ವರ್ ಮರದಿಂದ ಇನ್ನೊಂದಕ್ಕೆ ಹೊತ್ತು ಹೋಗುತ್ತಿದ್ದರು. ಒಬ್ಬ ಉಳಿದ, ಒಬ್ಬ ಉಳಿಯಲಿಲ್ಲ. ನಾನು ಹೋಗುವ ಹೊತ್ತಿಗೆ ಏಣಿ ಕಾಫಿ ಗಿಡಗಳ ಮೇಲೆ ಬಿದ್ದಿತ್ತು. ತುದಿಯಲ್ಲಿ ಕಡಲೆಕಾಳಿನಷ್ಟು ಲೋಹ ಕರಗಿ ಗುಂಡಿ ಬಿದ್ದಿತ್ತು. ಬುಡ ಊರಿದ್ದ ಕಡೆ ತರಗೆಲೆ ಅಂಗೈಯಗಲ ಸುಟ್ಟಿತ್ತು. ಅಷ್ಟೇ ಗುರುತು. ಮೂವತ್ತು ದಾಟದ ಹುಡುಗ, ಲೈನ್ ಮನೆಯಲ್ಲಿ (ಆಳುಗಳ ಸಾಲುಮನೆ) ಹೆಂಡತಿ, ಎರಡು ಮಕ್ಕಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಏಕೆಂದರೆ ಆ ದಿನ ಬೆಳಿಗ್ಗೆ ನಮ್ಮ ಆಳುಗಳೂ ಏಣಿಯನ್ನು ಹಾಗೆಯೇ ಹೊತ್ತಿದ್ದರು, ನಾನು ನೋಡಿಯೂ ಸುಮ್ಮನಿದ್ದೆ.

ಮೊದಲ ವರ್ಷ ಎಲ್ಲರೂ ಮಾಡುವುದನ್ನೇ ಮಾಡಿದೆ. ಮಡಿಕೇರಿಯಲ್ಲಿ ಆರು ಫ್ಲೆಕ್ಸ್ ಬೋರ್ಡ್ ಮಾಡಿಸಿದೆ, ಕಟ್ಟುವ ಖರ್ಚೂ ಸೇರಿ ಎಂಟು ಸಾವಿರದ ಹತ್ತಿರ ಹೋಯಿತು. ತಲೆಬುರುಡೆ, ಕೆಂಪು ಅಕ್ಷರ, 'ಅಪಾಯ'. ನಮ್ಮಲ್ಲಿ ಕುಯ್ಯುವವರಲ್ಲಿ ಅರ್ಧ ಜನ ಅಸ್ಸಾಂನವರು, ಉಳಿದವರಲ್ಲಿ ಇಲ್ಲಿನ ಬುಡಕಟ್ಟಿನವರಾದ ಯರವರು, ತಮಿಳರು. ಕನ್ನಡ ಓದುವವರು ನಾಲ್ಕೋ ಐದೋ ಜನ. ಮಳೆಗಾಲದ ಹೊತ್ತಿಗೆ ಎರಡು ಬೋರ್ಡು ಸೌದೆಯ ಮೇಲೆ ಹೊದಿಕೆಯಾಗಿದ್ದವು.

ಎರಡನೇ ವರ್ಷ ಬಾಯಲ್ಲೇ ಹೇಳೋಣ ಅಂತ ಬೆಳಿಗ್ಗೆ ಹಾಜರಿ ತೆಗೆಯುವಾಗ ಎಲ್ಲರನ್ನೂ ನಿಲ್ಲಿಸಿ ಹೇಳಿದೆ: "ಲೈನ್ ಹತ್ತಿರ ಏಣಿ ತರಬೇಡಿ." ಅಸ್ಸಾಂ ಹುಡುಗರು ತಲೆಯಾಡಿಸಿದರು. ಸಾಯಂಕಾಲ ನೋಡಿದರೆ ಏಣಿಗಳನ್ನೆಲ್ಲ ಲೈನ್ ಮನೆಯಿಂದ ದೂರ, ಪಲ್ಪಿಂಗ್ ಯಾರ್ಡಿನ ಹಿಂದೆ ಸಾಲಾಗಿ ಇಟ್ಟಿದ್ದಾರೆ! ಅವರಿಗೆ ಲೈನ್ ಅಂದರೆ ತಾವು ಮಲಗುವ ಲೈನ್ ಮನೆ. ನಾನು ಹೇಳಿದ ಮಾತನ್ನು ಅವರು ಅಕ್ಷರಶಃ ಪಾಲಿಸಿದ್ದರು. ಅಂದಿನಿಂದ ಆ ಪದವನ್ನು ಬಿಟ್ಟೆ. 'ಕರೆಂಟ್ ತಂತಿ' ಅಂತಲೇ ಹೇಳುತ್ತೇನೆ, ಕೈ ಮೇಲೆ ತೋರಿಸಿ ಹೇಳುತ್ತೇನೆ.

ಆದರೆ ಕೈ ತೋರಿಸಿದರೂ ಸಾಲದು. ಕುಯ್ಯುವವನು ಮೇಲೆ ನೋಡುವುದೇ ಇಲ್ಲ. ಏಣಿ ಹೊರುವಾಗ ಕಾಲ ಕೆಳಗಿನ ಬೇರು, ಕಲ್ಲು, ಗುಂಡಿ ನೋಡುತ್ತಾನೆ. ಏರಿದ ಮೇಲೆ ಬಳ್ಳಿ ನೋಡುತ್ತಾನೆ. ನೆರಳಿನ ಕೊಂಬೆಗಳ ನಡುವೆ ತಂತಿ ಕಾಣುವುದೂ ಕಷ್ಟ. ಇದು ನನಗೆ ತಿಳಿಯಲು ಎರಡು ಕುಯ್ಲು ಬೇಕಾಯಿತು.

ಉಪಾಯ ಹೊಳೆದದ್ದು ಹಾಕಿ ಗ್ರೌಂಡಿನಲ್ಲಿ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬವನ್ನು ನಾನು ತಪ್ಪಿಸುವುದು ಕಡಿಮೆ. ಪಂದ್ಯ ಶುರುವಾಗುವ ಮೊದಲು ಗೆರೆ ಎಳೆಯುತ್ತಿದ್ದರು. ಐದು ವರ್ಷದ ಮಗುವೊಂದು ಓಡಿ ಬಂದು ಬಿಳಿ ಗೆರೆಯ ಹತ್ತಿರ ತಾನಾಗಿ ನಿಂತಿತು, ಯಾರೂ ಕೂಗಿರಲಿಲ್ಲ. ತಂತಿಯನ್ನು ಜನ ನೋಡುವುದಿಲ್ಲವಾದರೆ ಅದರ ಗೆರೆಯನ್ನು ಅವರು ನೋಡುವ ಕಡೆಗೇ ತರಬೇಕು ಅನ್ನಿಸಿತು.

ತೋಟದ ಮಾಲೀಕರಾದ ಸಾವ್ಕಾರ್ರಿಗೆ ಹೇಳಿದೆ. ಅವರು ಬೇಡ ಅನ್ನಲಿಲ್ಲ, ಆದರೆ ಅವರ ಭಾವ "ತೋಟದಲ್ಲಿ ಹಾಕಿ ಗ್ರೌಂಡ್ ಮಾಡ್ತೀಯಾ?" ಅಂದರು. ಅಕ್ಕಪಕ್ಕದ ರೈಟರ್‌ಗಳೂ ನಕ್ಕರು.

ಲೆಕ್ಕ ಹೀಗೆ. ತೋಟದೊಳಗೆ ಹಾದುಹೋಗುವ 11 ಕೆ.ವಿ. (11,000 ವೋಲ್ಟ್) ತಂತಿ ನೆಲದಿಂದ ಕನಿಷ್ಠ 4.6 ಮೀಟರ್ ಮೇಲಿರಬೇಕು ಅನ್ನುತ್ತದೆ ನಿಯಮ, ಅಂದರೆ ಸುಮಾರು 15 ಅಡಿ. ನಮ್ಮ ಏಣಿ 30 ಅಡಿ. ಅಂದರೆ ತಂತಿ ಸರಿಯಾದ ಎತ್ತರದಲ್ಲೇ ಇದ್ದರೂ ನಮಗೆ ರಕ್ಷಣೆ ಇಲ್ಲ. ಮನೆಗೆ ಬರುವ 230 ವೋಲ್ಟಿಗೆ ಹೋಲಿಸಿದರೆ 11,000 ವೋಲ್ಟ್ ಸುಮಾರು 48 ಪಟ್ಟು. ತಾಗಲೇಬೇಕೆಂದಿಲ್ಲ, ತೀರಾ ಹತ್ತಿರ ಹೋದರೆ ಹಾರಿ ಹಿಡಿಯುತ್ತದೆ. ಹಾಗಾಗಿ ಅಂಚಿನ ತಂತಿಯ ನೇರ ಕೆಳಗಿನಿಂದ ಆಚೆಗೆ ಏಣಿಯ ಉದ್ದ, ಅದರ ಮೇಲೆ ಆರು ಅಡಿ ಬಿಟ್ಟು ಸುಣ್ಣದ ಗೆರೆ. ಎರಡೂ ಕಡೆ. ಅಳತೆಗೆ ಟೇಪ್ ಹಿಡಿಯಲಿಲ್ಲ. ಏಣಿಯನ್ನೇ ನೆಲದ ಮೇಲೆ ಮಲಗಿಸಿ ಕುಯ್ಯುವವರ ಕೈಯಲ್ಲೇ ಅಳೆಸಿದೆ. ಏಣಿ ಬಿದ್ದರೆ ಎಲ್ಲಿಯವರೆಗೆ ಹೋಗುತ್ತದೆ ಅನ್ನುವುದನ್ನು ಅವರು ಕಣ್ಣಾರೆ ನೋಡಿದ್ದು ಆಗಲೇ. ಒಬ್ಬ ಯರವ ಹೆಂಗಸು "ಇಷ್ಟು ದೂರವಾ ರೈಟರೇ!" ಅಂತ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಗೆರೆಯೊಳಗಿನ ಮರಗಳಿಗೆ ಎದೆ ಎತ್ತರದಲ್ಲಿ ಕೆಂಪು ಪಟ್ಟಿ ಹೊಡೆಸಿದೆ.

ನಿಯಮ ಎರಡೇ. ಗೆರೆಯೊಳಗೆ ಏಣಿ ನಿಲ್ಲಬಾರದು. ಗೆರೆ ದಾಟುವುದಾದರೆ ಏಣಿಯನ್ನು ಮಲಗಿಸಿ, ಇಬ್ಬರು ಹೊರಬೇಕು.

ದುಡ್ಡಿನ ಕಷ್ಟ ಬಂದದ್ದು ಇಲ್ಲಿ. ಗೆರೆಯೊಳಗೆ ಎರಡು ಎಕರೆಯಷ್ಟು ಜಾಗ, ಹೆಚ್ಚುಕಡಿಮೆ ಮುನ್ನೂರು ಮರ. ಅಷ್ಟು ಮೆಣಸು ಬಿಡುವುದಕ್ಕೆ ಯಾವ ಸಾವ್ಕಾರ್ರೂ ಒಪ್ಪುವುದಿಲ್ಲ, ನಾನೂ ಕೇಳುವುದಿಲ್ಲ. ಅರ್ಜಿ ಕೊಟ್ಟು ಲೈನ್‌ಮನ್‌ನನ್ನು ಕರೆಸಿ, ಎಲ್.ಸಿ. (ಲೈನ್ ಕ್ಲಿಯರ್, ಅಂದರೆ ಕರೆಂಟ್ ತೆಗೆದು ಕೆಲಸಕ್ಕೆ ಕೊಡುವ ಅನುಮತಿ) ತೆಗೆಸಿ, ತಂತಿಯನ್ನು ನೆಲಕ್ಕೆ ಜೋಡಿಸುವ ಅರ್ಥ್ ರಾಡ್ ಹಾಕಿದ್ದನ್ನು ನಿಂತು ನೋಡಿ, ಎರಡು ದಿನದಲ್ಲಿ ಆದಷ್ಟನ್ನೂ ಕುಯ್ಸಿದೆ. ಆ ಎರಡು ದಿನ ತೋಟದ ಎಲ್ಲ ಆಳುಗಳೂ ಅಲ್ಲೇ. ಗೆರೆ ಎಳೆದ ಮೊದಲ ವರ್ಷ ಮುಗಿಸಲಾಗದೆ ನಲವತ್ತು ಕೆ.ಜಿ.ಯಷ್ಟು ಮರದಲ್ಲೇ ಉಳಿಯಿತು, ಇಪ್ಪತ್ತು ಸಾವಿರದ ಮೇಲೆ ನಷ್ಟ. ಈಗ ಅಂಚಿನ ಮರಗಳಲ್ಲಿ ಬಳ್ಳಿಯನ್ನು ಹತ್ತು ಅಡಿಗೆ ನಿಲ್ಲಿಸುತ್ತೇನೆ, ಮರದ ಸ್ಟೂಲಿನ ಮೇಲೆ ನಿಂತು ಕುಯ್ಯಬಹುದು. ಕರೆಂಟ್ ಕಂಪನಿಯ ಸೆಕ್ಷನ್ ಆಫೀಸಿನಲ್ಲಿ ನನಗೆ ಬೇಕಾದ ದಿನವೇ ಎಲ್.ಸಿ. ಸಿಗುವಂತೆ ಹೇಗೆ ಮಾಡಿಕೊಂಡೆ ಅನ್ನುವುದು ನನ್ನಲ್ಲೇ ಇರಲಿ. ಲಂಚವಂತೂ ಅಲ್ಲ.

ಇನ್ನೊಂದು ಮಾತು ಗಟ್ಟಿಯಾಗಿ ಹೇಳಬೇಕು. "ಕರೆಂಟ್ ಹೋಗಿದೆ, ಈಗ ಕುಯ್ಯೋಣ" ಅನ್ನುವವರನ್ನು ನಾನೇ ಎರಡು ಸಲ ಏಣಿಯಿಂದ ಇಳಿಸಿದ್ದೇನೆ. ಮನೆಯಲ್ಲಿ ಬಲ್ಬ್ ಆರಿದ್ದು ಟ್ರಾನ್ಸ್‌ಫಾರ್ಮರಿನ ಫ್ಯೂಸ್ ಹೋದದ್ದರಿಂದ ಇರಬಹುದು, ಮೇಲಿನ ತಂತಿಯಲ್ಲಿ ಕರೆಂಟ್ ಹಾಗೇ ಇರುತ್ತದೆ. ಹೋದದ್ದು ಯಾವ ನಿಮಿಷ ಬಂದೀತು ಅಂತಲೂ ಗೊತ್ತಿಲ್ಲ. ಬಿದಿರಿನ ಏಣಿ ಆದರೆ ಪರವಾಗಿಲ್ಲ ಅನ್ನುವುದೂ ತಪ್ಪು, ಹಸಿ ಬಿದಿರು, ಮಂಜಿನಲ್ಲಿ ನೆನೆದ ಬಿದಿರು ಕರೆಂಟ್ ಹರಿಸುತ್ತದೆ. ಏಣಿಯ ತುದಿಗೆ ಪ್ಲಾಸ್ಟಿಕ್ ಪೈಪ್ ತೊಡಿಸಿಯೂ ನೋಡಿದೆ, ಒಂದೇ ವಾರದಲ್ಲಿ ತೆಗೆಸಿದೆ. ಪೈಪ್ ಇದೆಯಲ್ಲ ಅಂತ ಹುಡುಗರು ತಂತಿಯ ಹತ್ತಿರಕ್ಕೇ ಹೋಗತೊಡಗಿದ್ದರು.

ಕುಯ್ಲಿನ ನಡುವೆ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಂದರೆ ಸುಣ್ಣ ತೊಳೆದು ಹೋಗುತ್ತದೆ. ಮೊದಲು ಇದನ್ನು ದೊಡ್ಡ ದೋಷ ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಮತ್ತೆ ಎಳೆಯಲು ಪ್ರತಿ ಸಲ ಬೇರೆ ಇಬ್ಬರನ್ನು ಕಳಿಸುತ್ತೇನೆ, ಎಳೆದವನು ಮರೆಯುವುದಿಲ್ಲ. ಸಣ್ಣ ಮಳೆಗೆ ಜಗ್ಗದಂತೆ ಸುಣ್ಣಕ್ಕೆ ಒಂದು ವಸ್ತು ಬೆರೆಸುತ್ತೇನೆ, ಅದನ್ನು ತೋಟಕ್ಕೆ ಬಂದವರಿಗೆ ತೋರಿಸುತ್ತೇನೆ.

ಇದೇ ಹುರುಪಿನಲ್ಲಿ ಆನೆಗೂ ಒಂದು ಗುರುತು ಮಾಡಿದೆ. ತೋಟಕ್ಕೆ ಆನೆ ಬಂದ ದಿನ ಗೇಟಿಗೆ ಕೆಂಪು ಬಟ್ಟೆ. ಮೊದಲ ವಾರ ಚೆನ್ನಾಗಿ ನಡೆಯಿತು. ಆಮೇಲೆ ಬಟ್ಟೆ ಬಿಚ್ಚುವುದು ಮರೆತುಹೋಗಿ ಹದಿನೈದು ದಿನ ಅಲ್ಲೇ ನೇತಾಡಿತು, ಜನ ಅದರ ಕೆಳಗೇ ನಡೆದು ಕೆಲಸಕ್ಕೆ ಹೋದರು. ಈಗ ಕಟ್ಟುವವನೂ ಬಿಚ್ಚುವವನೂ ವಾಚರ್ ಒಬ್ಬನೇ, ಆನೆ ದಾಟಿದ್ದು ಖಾತ್ರಿಯಾದ ಕೂಡಲೇ ಬಿಚ್ಚುತ್ತಾನೆ. ಪರವಾಗಿಲ್ಲ ಅನ್ನುವ ಮಟ್ಟಿಗೆ ನಡೆಯುತ್ತಿದೆ.

ಆ ಸುಟ್ಟ ಏಣಿಯ ತುದಿಯನ್ನು ಒಂದು ಅಡಿ ಕತ್ತರಿಸಿ ಕೊಡಿ ಅಂತ ಪಕ್ಕದ ತೋಟದವರನ್ನು ಕೇಳಿ ತಂದಿದ್ದೇನೆ. ಕುಯ್ಲಿನ ಮೊದಲ ದಿನ ಅದನ್ನು ಕೈಯಿಂದ ಕೈಗೆ ದಾಟಿಸುತ್ತೇವೆ. ನಾನು ಏನೂ ಮಾತಾಡುವುದಿಲ್ಲ. ಎಲ್ಲರ ಬೆರಳೂ ಆ ಗುಂಡಿಯ ಮೇಲೇ ಹೋಗುತ್ತದೆ. ಕೊನೆಗೆ, ಯಾರಿಗಾದರೂ ಕರೆಂಟ್ ಹಿಡಿದರೆ ಹತ್ತಿರ ಓಡಬೇಡಿ, ಕೋಲಿನಿಂದಲೂ ಎಳೆಯಬೇಡಿ, ಕರೆಂಟಿನವರ ಸಹಾಯವಾಣಿ 1912ಕ್ಕೆ ಮತ್ತು ನನಗೆ ಫೋನ್ ಮಾಡಿ ಅಂತ ಅಸ್ಸಾಂನ ಹುಡುಗನೊಬ್ಬ ಅವರ ಭಾಷೆಯಲ್ಲಿ ಹೇಳುತ್ತಾನೆ.

ಸೋತಿರುವುದು ಮರಗಸಿಯಲ್ಲಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸದಲ್ಲಿ. ಮೇ-ಜೂನಿನಲ್ಲಿ ಮಳೆ ಸುಣ್ಣವನ್ನು ಒಂದು ದಿನವೂ ಉಳಿಸುವುದಿಲ್ಲ. ಗಸಿ ಮಾಡುವವರು ಕಂಟ್ರಾಕ್ಟಿನವರು, ಇಂದು ಬಂದವರು ನಾಳೆ ಇರುವುದಿಲ್ಲ. ಹಳದಿ ನೈಲಾನ್ ಹಗ್ಗ ಕಟ್ಟಿಸಿದ್ದೆ, ಕಾಲಿಗೆ ತೊಡರುತ್ತದೆ ಅಂತ ಕತ್ತರಿಸಿ ಎಸೆದರು. ಕಳೆದ ವರ್ಷದಿಂದ ಅವರ ಜೀಪು ಗೇಟಿನಲ್ಲೇ ನಿಲ್ಲಬೇಕು. ಸುಟ್ಟ ತುಂಡನ್ನು ಮುಟ್ಟಿ, ಕೆಂಪು ಪಟ್ಟಿಯ ಮರಗಳನ್ನು ನನ್ನ ಜೊತೆ ಒಂದು ಸುತ್ತು ನೋಡಿ ಬಂದ ಮೇಲೆಯೇ ಏಣಿ ಕೆಳಗಿಳಿಸುವುದು. ಅರ್ಧ ಗಂಟೆ ಹಾಳು ಅಂತ ಮೇಸ್ತ್ರಿ ಗೊಣಗುತ್ತಾನೆ. ಆ ಅರ್ಧ ಗಂಟೆಯ ಕೂಲಿಯನ್ನು ತೋಟದ ಲೆಕ್ಕಕ್ಕೇ ಬರೆಯಲು ಸಾವ್ಕಾರ್ರು ಈ ವರ್ಷ ಒಪ್ಪಿದ್ದಾರೆ.